ಸೋಮವಾರದ ಒಂದು ಲೋಟ ಆಯಿಲ್

ವ್ಯಾನಿನೊಳಗೆ ಮೊದಲು ಎದ್ದದ್ದು ವಾಸನೆ. ಅದರ ಬೆನ್ನಿಗೇ ಜಗಳ.

“ಯಾರಪ್ಪಾ ಅದು, ಬೆಳಬೆಳಿಗ್ಗೆ?” ಎಂದು ಕಿಟಕಿ ಪಕ್ಕದ ಸೀಟಿನಿಂದ ಟೈಲರಜ್ಜ ಕೇಳಿದರು.

“ನನ್ನ ಕಡೆ ಯಾಕೆ ನೋಡ್ತೀರಿ? ನಾನು ನಿನ್ನೆ ಸಂಜೆಯಿಂದ ಏನೂ ತಿಂದೇ ಇಲ್ಲ,” ಎಂದರು ಟೀಚರಮ್ಮ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನು ನಿಮ್ಮ ಹೆಸರು ಹೇಳಿದ್ನಾ?”

ಕೊಳೆತ ಮೊಟ್ಟೆಯ ವಾಸನೆ ಅದು. ಸ್ಟೀರಿಂಗ್ ಹಿಡಿದಿದ್ದ ಹೆಂಗಸು ನಕ್ಕು ತನ್ನ ಕಡೆಯ ಗಾಜು ಇಳಿಸಿದಳು. ರಸ್ತೆ ಬದಿಯ ಚರಂಡಿಯದ್ದಿರಬೇಕು ಅಂದುಕೊಂಡಳು. ಮುಂದಿನ ಸಲ, ಚರಂಡಿಯೇ ಇಲ್ಲದ ಗುಡ್ಡದ ರಸ್ತೆಯಲ್ಲಿ ಅದೇ ವಾಸನೆ ಬಂದಾಗ ಯಾರೂ ಯಾರನ್ನೂ ದೂರಲಿಲ್ಲ. ಸುಮ್ಮನೆ ಮೂಗು ಮುಚ್ಚಿಕೊಂಡರು. ಜಗಳಕ್ಕಿಂತ ಆ ಸುಮ್ಮನಿರುವಿಕೆ ಅವಳಿಗೆ ಹೆಚ್ಚು ಕಸಿವಿಸಿ ಮಾಡಿತು.

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ವ್ಯಾನಕ್ಕ ಎಂದು. ಐವತ್ತು ದಾಟಿದ ವಯಸ್ಸು, ಗಟ್ಟಿ ಮೈಕಟ್ಟು, ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟುವ ರೂಢಿ. ಮೂತ್ರಪಿಂಡ ಕೈಕೊಟ್ಟವರನ್ನು ವಾರದಲ್ಲಿ ಮೂರು ದಿನ ಮನೆಯಿಂದ ಹತ್ತಿಸಿಕೊಂಡು, ಗುಡ್ಡದ ಮೇಲಿನ ಆಸ್ಪತ್ರೆಗೆ ಬಿಟ್ಟು, ಮೆಷಿನ್ ಅವರ ರಕ್ತ ತೊಳೆದು ಮುಗಿಸಿದ ಮೇಲೆ ಮತ್ತೆ ಮನೆಗೆ ತಂದು ಬಿಡುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಆ ಕೆಲಸ ಅವಳ ಗಂಡನದಾಗಿತ್ತು. ವ್ಯಾನೂ ಅವನದೇ. ಅಡ್ಡ ಬೀಳುವ ವಯಸ್ಸಲ್ಲ, ಆಸ್ಪತ್ರೆ ಕಂಡ ಮೈಯಲ್ಲ. ಕಳೆದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ಎದೆ ನಿಂತಿತ್ತು. ವರ್ಷಗಟ್ಟಲೆ ರೋಗಿಗಳ ಜೊತೆ ಓಡಾಡಿದವನು ಒಂದು ದಿನವೂ ರೋಗಿಯಾಗದೆ ಹೋದ.

ಮಣ್ಣು ಮಾಡಿ ಬಂದ ವಾರವೇ ಟೈಲರಜ್ಜ ಫೋನ್ ಮಾಡಿದ್ದರು. “ಮಗಳೇ, ಇಂಥ ಹೊತ್ತಲ್ಲಿ ಕೇಳಬಾರದು. ಕೇಳೋಕೆ ನಾಲಿಗೇನೂ ಬರ್ತಿಲ್ಲ. ಆದ್ರೆ ಆ ಮೆಷಿನ್ ಯಾರ ದುಃಖಾನೂ ಕಾಯಲ್ಲ ನೋಡು.” ತನ್ನ ಮಗಳು ಚಿಕ್ಕವಳಿದ್ದಾಗ ಖಾಲಿ ಸಂತೆ ಮೈದಾನದಲ್ಲಿ ಗಂಡ ವ್ಯಾನಕ್ಕನಿಗೆ ಗಾಡಿ ಕಲಿಸಿದ್ದ. ಅವನು ಊರಲ್ಲಿಲ್ಲದಾಗ ಒಂದೆರಡು ಸಲ ಓಡಿಸಿಯೂ ಇದ್ದಳು. ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡಳು. ಅವತ್ತು ಹಿಡಿದ ಸ್ಟೀರಿಂಗ್ ಬಿಟ್ಟಿರಲಿಲ್ಲ.

ಅವನ ಪದ್ಧತಿಗಳನ್ನು ಅವಳು ಒಂದೊಂದಾಗಿ ಕಲಿತಳು. ಸೂಜಿ ಚುಚ್ಚುವ ತೋಳನ್ನು ಹಿಡಿದು ಯಾರನ್ನೂ ಇಳಿಸಬಾರದು, ಇನ್ನೊಂದು ತೋಳು ಹಿಡಿಯಬೇಕು. ವಾಪಸ್ ಬರುವಾಗ ಟೀಚರಮ್ಮನಿಗೆ ಚಳಿ ಹಿಡಿಯುತ್ತದೆ, ಕಂಬಳಿ ಕೈಗೆಟುಕುವ ಹಾಗಿರಬೇಕು. ಉಬ್ಬು ಬಂದರೆ ಮೊದಲೇ ಹೇಳಬೇಕು. ಇವನ್ನೆಲ್ಲ ರೋಗಿಗಳೇ ಹೇಳಿಕೊಟ್ಟರು. ಯಾರೂ ಹೇಳಿಕೊಡದೆ ಅವಳೇ ಕಂಡು ಕಲಿತದ್ದು ಒಂದಿತ್ತು: ಸೋಮವಾರದ ಆಯಿಲ್.

ಅದನ್ನು ಅವಳು ಎಷ್ಟೋ ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಸೋಮವಾರ ಬೆಳಿಗ್ಗೆ ಗಂಡ ವ್ಯಾನಿನ ಬಾಗಿಲು ತೆಗೆದು, ಮುಂದಿನ ಸೀಟನ್ನು ಮೇಲಕ್ಕೆತ್ತಿ, ಅದರ ಅಡಿಯಲ್ಲಿರುವ ಎಂಜಿನ್ ಮೇಲೆ ಬಾಗುತ್ತಿದ್ದ. ಸ್ವಲ್ಪ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಕೈ ಹಿಂದೆ ಬಂದು, ಗೋಡೆಯ ಮೇಲಿಟ್ಟ ಡಬ್ಬದಿಂದ ಅಂಚು ನೆಗ್ಗಿದ ಸ್ಟೀಲ್ ಲೋಟಕ್ಕೆ ಆಯಿಲ್ ಬಗ್ಗಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಒಂದು ಸಣ್ಣ ಲೋಟ. “ಇವಳಿಗೆ ಕುಡಿಸದೆ ನಾನು ತಿಂಡಿ ತಿನ್ನಲ್ಲ,” ಎಂದು ನಗುತ್ತಾ ಒಳಗೆ ಬರುತ್ತಿದ್ದ. “ಸವತಿ ಅಂದ್ರೆ ಇವಳೇ,” ಎಂದು ಅವಳೂ ಅನ್ನುತ್ತಿದ್ದಳು.

ಅವನು ಹೋದ ಮೇಲೆ ಅವಳು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಅದೇ ಲೋಟ, ಅದೇ ಡಬ್ಬ. ಖಾಲಿಯಾದರೆ ಅದೇ ಬಣ್ಣದ ಇನ್ನೊಂದು ಡಬ್ಬ. ಮನೆಯಲ್ಲಿ ಅವನ ಬಟ್ಟೆ ಮಡಚಿ ಎತ್ತಿಟ್ಟಾಗಿತ್ತು, ಚಪ್ಪಲಿ ಯಾರಿಗೋ ಕೊಟ್ಟಾಗಿತ್ತು. ಉಳಿದದ್ದು ಈ ವ್ಯಾನು. ಮಣಿ ಪೋಣಿಸಿದ ಸೀಟಿನ ಹೊದಿಕೆಯಲ್ಲಿ ಅವನ ಬೆನ್ನಿನ ತಗ್ಗು ಹಾಗೇ ಇತ್ತು. ಸೋಮವಾರ ಬೆಳಿಗ್ಗೆ ಸೀಟೆತ್ತಿ ಲೋಟ ಬಗ್ಗಿಸುವಾಗ, ತನ್ನ ಬೆನ್ನೂ ಕಿಟಕಿಯಿಂದ ಹಾಗೆಯೇ ಕಾಣುತ್ತಿರಬಹುದು ಅನ್ನಿಸುತ್ತಿತ್ತು. ನೋಡುವವರು ಮಾತ್ರ ಯಾರೂ ಇರಲಿಲ್ಲ.

ಅವಳನ್ನು ಕೊರೆಯುತ್ತಿದ್ದದ್ದು ಬೇರೊಂದು. ಸತ್ತ ದಿನ ಮಗಳು ಓಡಿ ಬಂದವಳೇ ಕೇಳಿದ್ದಳು: “ಅಪ್ಪ ಕೊನೇದಾಗಿ ಏನಂದ್ರಮ್ಮ?” ಅವಳಿಗೆ ಹೊಳೆಯಲಿಲ್ಲ. ಹಿಂದಿನ ಸಂಜೆ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅವಳು ಅದಕ್ಕೆ ಬಟ್ಟೆ ಬಿಗಿಯುತ್ತಿದ್ದಳು. ಅವನು ಒಳಗೆ ಬಂದ, ಕೈ ತೊಳೆದ, ಏನೋ ಹೇಳಿದ. ಅವಳು “ಹೂಂ, ಆಯ್ತು, ಊಟಕ್ಕೆ ಬನ್ನಿ” ಅಂದಳು. ಊಟದಲ್ಲಿ ಮಾತಿರಲಿಲ್ಲ, ಅವನು ದಣಿದಿದ್ದ, ಬೇಗ ಮಲಗಿದ. ನಲ್ಲಿಯ ಬಟ್ಟೆ ನೆನಪಿದೆ, ಅವನ ಒದ್ದೆ ಮೊಣಕೈ ನೆನಪಿದೆ, ಮಾತು ಮಾತ್ರ ಇಲ್ಲ. ಅಷ್ಟು ವರ್ಷ ಜೊತೆಗಿದ್ದ ಮನುಷ್ಯನ ಕೊನೆಯ ಮಾತನ್ನು ಒಂದು ನಲ್ಲಿಗೆ ಬಿಟ್ಟುಕೊಟ್ಟೆನಲ್ಲ ಎಂದು ಅವಳು ಗುಡ್ಡದ ರಸ್ತೆಯಲ್ಲಿ ಒಬ್ಬಳೇ ಇಳಿದು ಬರುವಾಗ ಎಷ್ಟೋ ಸಲ ಅತ್ತಿದ್ದಳು.

ವಾಸನೆ ಬಂದ ಮೇಲೆ ವ್ಯಾನಿನ ಉಸಿರು ಕಟ್ಟತೊಡಗಿತು. ಸಮತಟ್ಟಿನಲ್ಲಿ ಹೇಗೋ ಓಡುತ್ತಿತ್ತು, ಏರು ಬಂದರೆ ಆಕ್ಸಿಲೇಟರ್ ಒತ್ತಿದಷ್ಟೂ ಮುನಿಸಿಕೊಳ್ಳುತ್ತಿತ್ತು. ಮೀಟರಿನ ಪಕ್ಕ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ಕೂತಿತ್ತು. ಆಸ್ಪತ್ರೆಯ ಹಿರಿಯ ನರ್ಸು ಕಿಟಕಿ ಹತ್ತಿರ ಬಂದು, “ವ್ಯಾನಕ್ಕ, ನಿಮ್ಮ ಹೊಗೆ ತಪಾಸಣೆ ಸರ್ಟಿಫಿಕೇಟ್ ಮುಗಿಯೋ ಟೈಮ್ ಬಂತು. ಮತ್ತೆ ತಪಾಸಣೆ ಪಾಸಾಗದಿದ್ರೆ ಪೇಷೆಂಟ್‌ಗಳನ್ನು ಕರ್ಕೊಂಡು ಬರೋಕೆ ಬಿಡಲ್ಲ, ಬೇಜಾರು ಮಾಡ್ಕೋಬೇಡಿ” ಎಂದು ಹೇಳಿ ಹೋದಳು. ಬೇಜಾರಲ್ಲ, ಭಯವಾಯಿತು. ವ್ಯಾನು ನಿಂತರೆ ಅಂಗಳದಲ್ಲಿ ತುಕ್ಕು ಹಿಡಿಯುವುದು ತಗಡು ಮಾತ್ರವಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ವಾರವೇ, ಗುಡ್ಡದ ಕೊನೆಯ ತಿರುವಿಗೆ ಮುಂಚೆ ವ್ಯಾನು ನಿಂತಿತು. ಹಿಂದೆ ನೀಲಿ ಹೊಗೆ. ಅದರ ಹಿಂದೆ ಹಾರ್ನ್ ಬಾರಿಸುವ ಬಸ್ಸು. ಮೆಷಿನ್‌ಗೆ ಹೋಗುವ ದಿನ ರೋಗಿಗಳ ಮೈಯಲ್ಲಿ ನೀರು ತುಂಬಿಕೊಂಡಿರುತ್ತದೆ, ನಾಲ್ಕು ಮೆಟ್ಟಿಲಿಗೇ ಏದುಸಿರು. ಆದರೂ ಟೀಚರಮ್ಮ ಬಾಗಿಲು ತೆಗೆದು ಇಳಿದರು. ಉಳಿದವರೂ ಇಳಿದರು. ಟೈಲರಜ್ಜ ಇಳಿಯಲಿಲ್ಲ; ಇಳಿದರೆ ನಿಲ್ಲಲಾರರು.

“ನಾನೂ ಇಳಿದ್ರೆ ಗಾಡಿಗೆ ಅವಮಾನ ಆಗುತ್ತೆ,” ಎಂದರು. “ಹೊಡಿ ಮಗಳೇ. ನನ್ನ ತೂಕ ಎಷ್ಟು? ಒಂದು ಥಾನು ಬಟ್ಟೆ.”

ಆ ಒಂದು ಥಾನು ಬಟ್ಟೆಯನ್ನು ಹೊತ್ತು ವ್ಯಾನು ಮೊದಲ ಗೇರಿನಲ್ಲಿ ತೆವಳಿತು. ಕನ್ನಡಿಯಲ್ಲಿ ಹಿಂದೆ ರಸ್ತೆಯಂಚಿನಲ್ಲಿ, ನಡೆದು, ನಿಂತು, ಒಬ್ಬರನ್ನೊಬ್ಬರು ಹಿಡಿದುಕೊಂಡು ಬರುತ್ತಿರುವವರು ಕಾಣುತ್ತಿದ್ದರು. ಎಲ್ಲರನ್ನೂ ಆಸ್ಪತ್ರೆಯೊಳಗೆ ಬಿಟ್ಟು ಅವಳು ನೇರ ಗ್ಯಾರೇಜಿಗೆ ಇಳಿದಳು. ಇಷ್ಟು ದಿನ ಸುತ್ತು ಬಳಸಿ ತಪ್ಪಿಸುತ್ತಿದ್ದ ಬೀದಿ ಅದು.

ಗ್ಯಾರೇಜಿನ ಮೆಕ್ಯಾನಿಕ್ ಅವಳ ಗಂಡನ ಗೆಳೆಯ. ಅವಳನ್ನು ಅತ್ತಿಗೆ ಎನ್ನುತ್ತಿದ್ದವನು. ಸಾವಾದ ವಾರದಲ್ಲಿ ಮನೆಗೆ ಬಂದು, ಬಾಗಿಲಲ್ಲೇ ನಿಂತು, “ಅತ್ತಿಗೆ, ಗಾಡಿ ಮಾರ್ತೀರಾ? ಒಳ್ಳೇ ಗಿರಾಕಿ ಇದ್ದಾನೆ” ಅಂದಿದ್ದ. “ಅವರ ಅಂಗಿಗೂ ಗಿರಾಕಿ ಹುಡುಕಿ ಇಟ್ಟಿದ್ದೀಯೇನಪ್ಪಾ?” ಎಂದು ಅವಳು ಬಾಗಿಲು ಹಾಕಿದ್ದಳು. ಆಮೇಲೆ ಅವನ ಮುಖ ನೋಡಿರಲಿಲ್ಲ. ಗಾಳಿ, ಪಂಚರು, ಬಲ್ಬು, ಎಲ್ಲ ಬೇರೆ ಕಡೆ. ಆಯಿಲ್ ಬದಲಾಯಿಸುವ ಮಾತು ಬಂದರೆ, “ನಾನು ವಾರವಾರ ಹೊಸದು ಹಾಕ್ತೀನಲ್ಲ” ಅನ್ನುತ್ತಿದ್ದಳು. ಅದರಲ್ಲಿ ತಪ್ಪಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

“ಬನ್ನಿ ಅತ್ತಿಗೆ,” ಎಂದು ಅವನು ಸ್ಟೂಲು ಒರೆಸಿ ಹಾಕಿದ. ಹಳೆಯದನ್ನು ಇಬ್ಬರೂ ಎತ್ತಲಿಲ್ಲ.

ಅವನು ಮೊದಲು ವ್ಯಾನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ. “ರೇಸ್ ಮಾಡಿ.” ಅವಳು ಮಾಡಿದಳು. ಗಾಳಿ ಕೈಯನ್ನು ತಳ್ಳಬೇಕಿತ್ತು. ಮಲಗಿದ ಮಗುವಿನ ಉಸಿರಿನಷ್ಟೇ ಬಂತು. ಆಮೇಲೆ ಅಡಿಗೆ ತೂರಿ ರಬ್ಬರ್ ಸುತ್ತಿಗೆಯಿಂದ ಸೈಲೆನ್ಸರ್ ಪೈಪಿನ ನಡುವಿನ ತಗಡಿನ ಡಬ್ಬಕ್ಕೆ ತಟ್ಟಿದ. ಒಳಗೆ ಕಲ್ಲು ಹಾಕಿದ ಡಬ್ಬದ ಹಾಗೆ ಗಲಗಲ ಎಂದಿತು.

“ಕನ್ವರ್ಟರ್ ಹೋಗಿದೆ ಅತ್ತಿಗೆ.”

“ಅಂದ್ರೆ?”

“ಎಂಜಿನ್ ಬಿಡೋ ಹೊಗೇನ ಇದು ಸೋಸುತ್ತೆ. ಒಳಗೆ ಜೇನುಗೂಡಿನ ಹಾಗೆ ಸಣ್ಣಸಣ್ಣ ತೂತು ಇರ್ತವೆ. ಅದರೊಳಗೆ ಹಾದು ಹೋಗೋವಾಗ ವಿಷ ಸುಟ್ಟು ಹೋಗುತ್ತೆ. ನಿಮ್ಮದು ಕಟ್ಟಿಕೊಂಡಿದೆ. ಹೊಗೆ ಹೊರಗೆ ಹೋಗ್ದಿದ್ರೆ ಎಂಜಿನ್ ಒಳಗೆ ಉಸಿರು ಎಳೆಯೋದಾದ್ರೂ ಹೇಗೆ? ಅದಕ್ಕೇ ಗುಡ್ಡ ಹತ್ತಲ್ಲ.”

ಡಬ್ಬ ತಣ್ಣಗಾದ ಮೇಲೆ ಬೋಲ್ಟುಗಳನ್ನು ಬಿಚ್ಚಿ ಇಳಿಸಿ, ಬೆಳಕಿಗೆ ಹಿಡಿದು ತೋರಿಸಿದ. ಜೇನುಗೂಡಿನ ಅರ್ಧ ಕರಗಿ ಮುದ್ದೆಯಾಗಿತ್ತು, ಇನ್ನರ್ಧದ ಮೇಲೆ ಒದ್ದೆ ಕಾಡಿಗೆಯಂಥ ಮಸಿ. ಅವನು ಬೆರಳಿಂದ ತೀಡಿ, ಮೂಸಿ ನೋಡಿದ. “ಆಯಿಲ್ ಉರಿದಿದೆ. ಇಷ್ಟು ಆಯಿಲ್ ಎಲ್ಲಿಂದ ಬಂತು?” ಎಂದು ಅವಳನ್ನಲ್ಲ, ಡಬ್ಬವನ್ನೇ ಕೇಳಿದ.

ಸೀಟೆತ್ತಿ ಎಂಜಿನ್ ಪಕ್ಕದಿಂದ ಉದ್ದನೆಯ ಕಡ್ಡಿಯೊಂದನ್ನು ಎಳೆದ. ಭುಜದ ಮೇಲಿನ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗಿಳಿಸಿ, ಮತ್ತೆ ಎಳೆದ. ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳಿದ್ದವು. ಆಯಿಲ್ ಎರಡನ್ನೂ ಮುಳುಗಿಸಿ ಎಷ್ಟೋ ಮೇಲಕ್ಕೆ ಏರಿತ್ತು.

“ಯಾರು ಹಾಕಿದ್ದು ಇದನ್ನ?”

“ನಾನೇ. ಪ್ರತಿ ಸೋಮವಾರ. ಅವರು ಹಾಕ್ತಿದ್ರಲ್ಲ.”

“ಕಡ್ಡಿ ನೋಡಿ ತಾನೇ ಹಾಕಿದ್ದು?”

“ಯಾವ ಕಡ್ಡಿ?”

ಮೆಕ್ಯಾನಿಕ್ ಕಡ್ಡಿಯ ಎರಡು ಗೆರೆಗಳನ್ನು ಬೆರಳಿಂದ ತೋರಿಸಿದ: ಆಯಿಲ್ ಇವುಗಳ ನಡುವೆ ನಿಲ್ಲಬೇಕು. ಕಿಟಕಿಯಿಂದ ಇಷ್ಟು ವರ್ಷ ಬೆನ್ನು ಮಾತ್ರ ಕಾಣುತ್ತಿದ್ದ ಆ ಸ್ವಲ್ಪ ಹೊತ್ತಿನಲ್ಲಿ ಗಂಡ ಏನು ಮಾಡುತ್ತಿದ್ದ ಎಂಬುದು ಅವಳಿಗೆ ಆಗ ತಿಳಿಯಿತು. ಅವನು ಮೊದಲು ಕಡ್ಡಿ ನೋಡುತ್ತಿದ್ದ. ಕಡಿಮೆಯಾಗಿದ್ದರೆ ಮಾತ್ರ ಹಾಕುತ್ತಿದ್ದ. ಪ್ರತಿ ವಾರ ಕಡಿಮೆಯಾಗುತ್ತಿದ್ದದ್ದಕ್ಕೆ ಪ್ರತಿ ವಾರ ಹಾಕುತ್ತಿದ್ದ.

“ಆಗ ಎಂಜಿನ್ ಆಯಿಲ್ ತಡೆಯೋ ಸೀಲ್ ಹೋಗಿತ್ತು ಅತ್ತಿಗೆ,” ಎಂದ ಅವನು, ನಿಧಾನವಾಗಿ. “ಆಯಿಲ್ ಸೋರ್ತಿತ್ತು. ಸೋರಿದಷ್ಟು ಅಣ್ಣ ತುಂಬಿಸ್ತಿದ್ರು. ಆಮೇಲೆ ಸೀಲ್ ಹಾಕ್ಸಿದ್ರಲ್ಲ. ನಾನೇ ಹಾಕಿದ್ದು. ಹಾಕ್ಸಿಕೊಂಡು ಹೋದ ಮಾರನೇ ದಿನಾನೇ…” ಮಾರನೆಯ ಬೆಳಿಗ್ಗೆ ಏನಾಯಿತೆಂದು ಇಬ್ಬರಿಗೂ ಗೊತ್ತಿತ್ತು. “ನಿಮಗೆ ಹೇಳ್ಲಿಲ್ವಾ ಅವರು?”

ಅವಳು ಸ್ಟೂಲಿನ ಅಂಚು ಹಿಡಿದುಕೊಂಡಳು.

ನಲ್ಲಿ ಸೋರುತ್ತಿತ್ತು. ಬಟ್ಟೆಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದಳು. ಅವನು ಪಕ್ಕದಲ್ಲಿ ಬಕೆಟ್ ನೀರಿನಲ್ಲಿ ಕೈ ತೊಳೆಯುತ್ತಿದ್ದ, ಮೊಣಕೈವರೆಗೆ ಕಪ್ಪು. ಹೇಳಿದ: “ಸೀಲ್ ಹಾಕಿಸ್ದೆ ಕಣೇ. ಇನ್ಮೇಲೆ ಅದಕ್ಕೆ ಆಯಿಲ್ ಹಾಕೋದು ಬೇಡ.” ಅವಳು ಹೇಳಿದಳು: “ಹೂಂ, ಆಯ್ತು, ಊಟಕ್ಕೆ ಬನ್ನಿ.”

ಅಷ್ಟೇ. ಅದೇ.

ಮೆಕ್ಯಾನಿಕ್ ಒಂದು ಲೋಟ ನೀರು ತಂದು ಕೈಗಿಟ್ಟ. ಸ್ಟೀಲ್ ಲೋಟ. ಅದನ್ನು ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಮುಖ ತಿರುಗಿಸಿಕೊಂಡು, ಒರೆಸಿದ ಸ್ಪ್ಯಾನರುಗಳನ್ನೇ ಮತ್ತೆ ಒರೆಸತೊಡಗಿದ.

ಕೊನೆಗೆ ಅವಳೇ ಹೇಳಿದಳು. “ಹೊಸ ಕನ್ವರ್ಟರ್ ಹಾಕು. ತಪಾಸಣೆ ಪಾಸಾಗಬೇಕು.”

“ಹಾಕ್ಬಹುದು. ಆದ್ರೆ…” ಅವನು ಅಷ್ಟರಲ್ಲಿ ಪ್ಲಗ್ಗುಗಳನ್ನು ಬಿಚ್ಚಿ, ಮೀಟರ್ ಹಚ್ಚಿ ನೋಡಿದ್ದ. “ಎಂಜಿನ್‌ನಲ್ಲಿ ಕಸುವೇ ಉಳಿದಿಲ್ಲ. ಒಳಗೆ ಪಿಸ್ಟನ್ ರಿಂಗು ಸವೆದು ಹೋಗಿವೆ. ಈಗ ಅಳತೆಗೆ ಸರಿಯಾಗಿ ಆಯಿಲ್ ಹಾಕಿದ್ರೂ ಅದನ್ನೇ ಎಳ್ಕೊಂಡು ಸುಡುತ್ತೆ. ಹೊಸ ಕನ್ವರ್ಟರ್‌ಗೂ ಇದೇ ಗತಿ. ಎಂಜಿನ್ ಪೂರ್ತಿ ಬಿಚ್ಚಿ ಮಾಡ್ಸೋದು ಅಂದ್ರೆ, ಮೂಗಿಗಿಂತ ಮೂಗುತಿ ಭಾರ ಅತ್ತಿಗೆ.”

“ಬೇರೆ ದಾರಿ?”

“ಇದೆ. ನಾನು ಹೇಳ್ಬಾರ್ದು.” ಕಾಲಿಂದ ಡಬ್ಬವನ್ನು ಸರಿಸಿದ. “ಒಳಗಿನದೆಲ್ಲ ಒಡೆದು ತೆಗೆದು ಖಾಲಿ ಡಬ್ಬ ವಾಪಸ್ ಹಾಕ್ತಾರೆ ಕೆಲವರು. ಗಾಡಿ ಹತ್ತುತ್ತೆ. ಹೊರಗಿಂದ ಯಾರಿಗೂ ಗೊತ್ತಾಗಲ್ಲ. ತಪಾಸಣೆಯವನಿಗೆ ಏನೋ ಒಂದು ಹೇಳ್ಕೋಬೇಕು.”

“ಹೊಗೆ?”

“ಹೊಗೆ ಹೊಗೇನೇ.”

ಅವಳಿಗೆ ಟೈಲರಜ್ಜ ಕಿಟಕಿ ಪಕ್ಕ ಕೂರುವ ರೀತಿ ಕಣ್ಣಿಗೆ ಬಂತು. ಗಾಜಿಗೆ ಹಣೆ ಆನಿಸಿ, ಬಾಯಿ ತೆರೆದು, ಪ್ರತಿ ಉಸಿರನ್ನೂ ದಾರದಂತೆ ಎಳೆದುಕೊಳ್ಳುತ್ತಿದ್ದರು. ಆ ವ್ಯಾನಿನಲ್ಲಿ ಕೂರುವವರೆಲ್ಲ ಮೈಯಲ್ಲಿ ವಿಷ ಸೋಸಲಾಗದವರು.

“ಬೇಡ,” ಎಂದಳು.

ಆಮೇಲೆ ಕೇಳಿದಳು: “ನಾನು ಹಾಕಿದ್ದಕ್ಕೇ ಹೀಗಾಯ್ತಾ?”

“ಹಳೇ ಗಾಡಿ ಅತ್ತಿಗೆ. ಅದಕ್ಕೂ ವಯಸ್ಸು…”

“ಗಿರಾಕಿಗಳಿಗೆ ಹೇಳೋ ಮಾತು ನಂಗೆ ಹೇಳ್ಬೇಡ.”

ಅವನು ಬಟ್ಟೆಯನ್ನು ಹಿಂಡಿದ. “ಹೌದು. ಬಹಳಷ್ಟು ಅದಕ್ಕೇ.” ಆಮೇಲೆ, “ಆವತ್ತು ಮನೆಗೆ ಬಂದಿದ್ನಲ್ಲ. ಸೀಲ್ ವಿಷ್ಯ ಹೇಳ್ಬೇಕು ಅಂತಾನೂ ಇತ್ತು. ನಿಮ್ಮ ಮುಖ ನೋಡಿ ಏನು ಮಾತಾಡ್ಬೇಕೋ ತಿಳೀದೆ ಗಿರಾಕಿ ಅಂತ ಏನೋ ಬಾಯಿಗೆ ಬಂತು.”

“ನಾನು ಬಾಗಿಲು ಹಾಕ್ದೆ.”

“ಬಾಗಿಲು ಹಾಕೋವಂಥ ಮಾತೇ ಅದು.”

ಅವತ್ತು ಮಧ್ಯಾಹ್ನ, ಆಸ್ಪತ್ರೆಯಲ್ಲಿ ಮೆಷಿನ್ ಮುಗಿಯುವ ಹೊತ್ತಿಗೆ ಅವನು ತನ್ನ ಪರಿಚಯದವರ ಒಂದು ವ್ಯಾನು ಕೊಡಿಸಿದ. ಬಾಡಿಗೆಗೆ ಇಟ್ಟುಕೊಳ್ಳಬಹುದು ಎಂದೂ ಹೇಳಿದ. ಬೂದು ಬಣ್ಣದ, ಏನೂ ವಾಸನೆಯಿಲ್ಲದ ವ್ಯಾನು. ಅವಳು ಹಳೆಯದರಿಂದ ಕಂಬಳಿ ತಂದಳು. ಮಣಿಯ ಹೊದಿಕೆ ತರಲು ಹೋಗಿ, ಅದರ ತಗ್ಗನ್ನು ಕೈಯಿಂದ ಸವರಿ, ಅಲ್ಲೇ ಬಿಟ್ಟಳು. ಬೇರೆ ಸೀಟಿಗೆ ಹಾಕಿದರೆ ಆ ತಗ್ಗು ಉಳಿಯುವುದಿಲ್ಲ.

ರೋಗಿಗಳನ್ನು ಹತ್ತಿಸಿಕೊಂಡು ವಾಪಸ್ ಬರುವಾಗ ಅವಳು ಎಲ್ಲರಿಗೂ ವಿಷಯ ಹೇಳಿದಳು. ಕನ್ವರ್ಟರ್ ಅಂದರೇನು ಎಂದು ಮೆಕ್ಯಾನಿಕ್ ಹೇಳಿದ ಹಾಗೆಯೇ ಹೇಳಿದಳು. ಲೋಟದ ವಿಷಯ ಹೇಳಲಿಲ್ಲ.

“ಹಾಗಾದ್ರೆ ಅದಕ್ಕೂ ನಮ್ಮದೇ ಕಾಯಿಲೆ,” ಎಂದರು ಟೈಲರಜ್ಜ, ಮೆಷಿನ್ ಹಿಂಡಿ ಬಿಟ್ಟ ಬಿಳಿಚಿದ ಮುಖದಲ್ಲಿ. “ಪಾಪ, ಇಷ್ಟು ದಿನ ನಮ್ಮನ್ನ ಮೇಲಕ್ಕೆ ಹೊತ್ಕೊಂಡು ಹೋಯ್ತು. ಅದಕ್ಕೊಂದು ಬೆಡ್ ಕೊಡ್ಸೋಕೆ ನಮ್ಮ ಕೈಲಿ ಆಗ್ಲಿಲ್ಲ.”

ಯಾರೋ ನಕ್ಕರು. ಟೀಚರಮ್ಮ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು, “ಯಜಮಾನ್ರು ಇದ್ದಿದ್ರೆ ಇದಕ್ಕೂ ಏನೋ ಒಂದು ಮಾಡಿರೋರು” ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ವ್ಯಾನಕ್ಕ ರಸ್ತೆಯನ್ನೇ ನೋಡುತ್ತಾ, “ಅವರು ಮಾಡೇ ಹೋಗಿದ್ರು” ಎಂದಳು. ಯಾರಿಗೂ ಅರ್ಥವಾಗಲಿಲ್ಲ.

ಗುಜರಿಯವರು ಹಳೆಯ ವ್ಯಾನನ್ನು ಗ್ಯಾರೇಜಿನಿಂದಲೇ ಎಳೆದುಕೊಂಡು ಹೋದರು. ಅವಳು ನೋಡಲು ಹೋಗಲಿಲ್ಲ. ಆ ಹೊತ್ತಿನಲ್ಲಿ ಮಗಳಿಗೆ ಫೋನ್ ಮಾಡಿದಳು. ಮಗಳು ಬಟ್ಟೆ ಅಂಗಡಿಯಲ್ಲಿ ಕೆಲಸದಲ್ಲಿದ್ದಳು.

“ಏನಮ್ಮಾ ಈ ಹೊತ್ತಲ್ಲಿ? ಹುಷಾರಾಗಿದ್ದೀಯಾ?”

“ನಿಮ್ಮಪ್ಪ ಕೊನೇದಾಗಿ ಏನಂದ್ರು ಅಂತ ಕೇಳಿದ್ದೆಯಲ್ಲ. ನೆನಪಾಯ್ತು.”

ಆ ಕಡೆ ಅಂಗಡಿಯ ಗದ್ದಲ ದೂರವಾಯಿತು. ಮಗಳು ಎಲ್ಲೋ ಮೂಲೆಗೆ ಸರಿದಿರಬೇಕು. “ಏನಮ್ಮ?”

“ಸೀಲ್ ಹಾಕಿಸ್ದೆ ಕಣೇ. ಇನ್ಮೇಲೆ ಅದಕ್ಕೆ ಆಯಿಲ್ ಹಾಕೋದು ಬೇಡ.”

ಮಗಳು ನಕ್ಕಳು. ನಗು ನಡುವೆಯೇ ಒಡೆಯಿತು. “ಅಷ್ಟೇನಾ?”

“ಅಷ್ಟೇ.”

“ಅಪ್ಪ ತಾನೇ. ಇನ್ನೇನು ಹೇಳ್ತಾರೆ.” ಮೂಗು ಒರೆಸಿಕೊಂಡ ಸದ್ದು. “ನೀನು ಏನಂದೆ?”

“ಆಯ್ತು ಅಂದೆ,” ಎಂದಳು ತಾಯಿ. ಆಯ್ತು ಅಂದವಳು ಏನು ಮಾಡಿದಳು ಎಂಬುದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಮಗಳನ್ನು ಕರೆದರು.

ಮುಂದಿನ ಸೋಮವಾರ ಬೆಳಿಗ್ಗೆ ಅವಳು ಅಂಗಳಕ್ಕೆ ಬಂದಾಗ ಕೈಯಲ್ಲಿ ಲೋಟವಿತ್ತು. ಅದು ಹೇಗೆ ಕೈಗೆ ಬಂತೆಂದು ಅವಳಿಗೇ ಗೊತ್ತಿಲ್ಲ. ಗೋಡೆಯ ಮೇಲೆ ಅರ್ಧ ತುಂಬಿದ ಡಬ್ಬ ಇನ್ನೂ ಕೂತಿತ್ತು. ಬೂದು ವ್ಯಾನಿನ ಸೀಟೆತ್ತಿ, ಮೆಕ್ಯಾನಿಕ್ ತೋರಿಸಿಕೊಟ್ಟಂತೆ ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದಳು. ಆಯಿಲ್ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಒಂದು ಹನಿಯೂ ಬೇಕಿರಲಿಲ್ಲ. ಅವಳು ಬಾಗಿದ ಬೆನ್ನನ್ನು ಎತ್ತದೆ ಸ್ವಲ್ಪ ಹೊತ್ತು ಹಾಗೇ ಇದ್ದಳು.

ಸೀಟು ಇಳಿಸಿ ಒಳಗೆ ಹೋದಳು. ಲೋಟವನ್ನು ಸೋಪು ಹಾಕಿ ತಿಕ್ಕಿದಳು. ಜಿಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಕುಡಿಯಲು ಬಾರದ ಆ ಲೋಟವನ್ನು ನಲ್ಲಿಯ ಕೆಳಗೆ ಇಟ್ಟಳು. ಹಳೆಯ ಬಟ್ಟೆಯ ಗಂಟಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಹೊರಗೆ ಬಂದು ಬಾಗಿಲು ಹಾಕಿ, ಟೈಲರಜ್ಜ ಕಾಯುತ್ತಿರುತ್ತಾರೆಂದು ವ್ಯಾನು ಹತ್ತಿದಳು.